ಎರಡು ವರ್ಷದ ಕೋರ್ಸು, ಮೂರು ವರ್ಷದ ಓದು, ಹತ್ತು ವರ್ಷದ ಸಾಲ

2025ರ ಡಿಸೆಂಬರ್‌ನಲ್ಲಿ ನನ್ನ ಓದಿನ ಸಾಲದ ಮೊದಲ ಕಂತು ಕಟ್ಟಿದೆ. ನನಗೀಗ ನಲವತ್ನಾಲ್ಕು. ಮಗಳು ಹೈಸ್ಕೂಲಿನ ಕೆಮಿಸ್ಟ್ರಿ ಓದುತ್ತಿದ್ದ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ನಾನೂ ಕೆಮಿಸ್ಟ್ರಿ ಓದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ಪಕ್ಕದ ಒಂದು ಊರಿನಲ್ಲಿ ನಮ್ಮ ಮನೆ. ಇಲ್ಲಿನ ಟೆಕ್ನಿಕಲ್ ಕಾಲೇಜಿನಲ್ಲಿ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಅನ್ನುವ ಎರಡು ವರ್ಷದ ಕೋರ್ಸ್ ಮುಗಿಸಿದೆ. ಈಗ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸಂಜೆ ಪಾಳಿ ಮಾಡುತ್ತಿದ್ದೇನೆ.

ಪ್ಯೂವಾಕಿಯ ದೇವಸ್ಥಾನಕ್ಕೆ ಹೋದಾಗೆಲ್ಲ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ. "ಅಕ್ಕ, ಎಷ್ಟು ಸಾಲ ಆಯ್ತು? ಈಗ ಎಷ್ಟು ಬರುತ್ತೆ?" ಕೇಳುವವರು ಹೆಚ್ಚಾಗಿ ನನ್ನ ಹಾಗೆಯೇ ಗಂಡನ ವೀಸಾದ ಮೇಲೆ ಬಂದು, ಹತ್ತು ಹನ್ನೆರಡು ವರ್ಷ ಮನೆಯಲ್ಲೇ ಕಳೆದು, ಈಗ ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಬಂದ ಹೆಂಗಸರು. ಪ್ರಸಾದ ತಿನ್ನುವ ಹೊತ್ತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಲೆಕ್ಕ ಸಮೇತ.

ನಾನು ದಾವಣಗೆರೆಯವಳು. 2002ರಲ್ಲಿ ಬಿ.ಕಾಂ. ಮುಗಿಸಿದೆ. ಆಗ ನಮ್ಮೂರಿನ ಕಾಲೇಜುಗಳೆಲ್ಲ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2009ರಲ್ಲಿ ಇಲ್ಲಿಗೆ ಬಂದೆ. ನಮ್ಮನೆಯವರದು ಕಾಂಟ್ರ್ಯಾಕ್ಟ್ ಮೇಲಿನ ಕಂಪ್ಯೂಟರ್ ಕೆಲಸ. ಒಂದು ವರ್ಷ ಇದ್ದರೆ ಮುಂದಿನ ವರ್ಷ ಎಲ್ಲಿ ಅಂತ ಗೊತ್ತಿರುತ್ತಿರಲಿಲ್ಲ. ನನ್ನದು ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಜೊತೆಗೆ ಹೆಂಡತಿಗೆ ಕೊಡುವ ವೀಸಾ. 2015ರವರೆಗೆ ಕೆಲಸ ಮಾಡುವಂತೆಯೇ ಇರಲಿಲ್ಲ. ಆ ವರ್ಷ ನಮ್ಮಂಥವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡಲು ಶುರು ಮಾಡಿದರು. ನಾನು ಒಂದು ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಮಕ್ಕಳೆಂದರೆ ನನಗೆ ಜೀವ. ಆದರೆ ಆರು ವರ್ಷ ದುಡಿದರೂ ಗಂಟೆಗೆ ಹದಿಮೂರು ಡಾಲರ್ ದಾಟಲಿಲ್ಲ.

2022ರಲ್ಲಿ ಗ್ರೀನ್ ಕಾರ್ಡ್ ಬಂತು. ಓದಿನ ವಿಷಯದಲ್ಲಿ ಅದರಿಂದ ಒಂದು ದೊಡ್ಡ ಬದಲಾವಣೆ ಆಗುತ್ತದೆ. ವೀಸಾದಲ್ಲಿರುವವರಿಗೆ ಇಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ. ಆ ದಿನವೇ ನಮ್ಮನೆಯವರಿಗೆ ಹೇಳಿದೆ, "ನಾನು ಓದ್ತೀನಿ. ಮನೆ ದುಡ್ಡು ಮುಟ್ಟೋದು ಬೇಡ." ಮನೆಯ ಕಂತು, ಇಬ್ಬರು ಮಕ್ಕಳು, ಊರಿನಲ್ಲಿ ಅತ್ತೆ ಮಾವನ ಔಷಧಿ ಎಲ್ಲ ಒಂದೇ ಸಂಬಳದಲ್ಲಿ ನಡೆಯುತ್ತಿತ್ತು.

ಏನು ಓದುವುದು ಅನ್ನುವುದೇ ಮೊದಲ ಪ್ರಶ್ನೆ. ವಿಸ್ಕಾನ್ಸಿನ್‌ನಲ್ಲಿ ಹದಿನಾರು ಟೆಕ್ನಿಕಲ್ ಕಾಲೇಜುಗಳಿವೆ. 1911ರಲ್ಲೇ ಕಾನೂನು ಮಾಡಿ ಕಸುಬಿನ ಶಿಕ್ಷಣ ಶುರು ಮಾಡಿದ ರಾಜ್ಯ ಇದು. ಹದಿನಾರು ಕಾಲೇಜುಗಳಿಗೂ ಶುಲ್ಕ ನಿಗದಿ ಮಾಡುವುದು ರಾಜ್ಯದ ಒಂದೇ ಮಂಡಳಿ. ಇಲ್ಲಿ ಓದಿನ ಹೊರೆಯನ್ನು ಕ್ರೆಡಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ನಾನು ಸೇರಿದಾಗ ಒಂದು ಕ್ರೆಡಿಟ್‌ಗೆ ಸುಮಾರು 145 ಡಾಲರ್ ಇತ್ತು. ನನ್ನ ಕೋರ್ಸಿಗೆ ಸುಮಾರು ಅರವತ್ತೈದು ಕ್ರೆಡಿಟ್ ಬೇಕು. ಅಂದರೆ ಪೂರ್ತಿ ಓದಿನ ಶುಲ್ಕ ಹತ್ತು ಸಾವಿರ ಡಾಲರ್ ಆಸುಪಾಸು. ಇಷ್ಟೇ ಖರ್ಚಾದರೆ ಸಾಲ ಯಾಕೆ ಹೆಚ್ಚಾಗುತ್ತದೆ ಅಂತ ನನಗೂ ಆಗ ಅನ್ನಿಸಿತ್ತು. ಅದರ ಉತ್ತರ ಸಿಕ್ಕಿದ್ದು ಎರಡೂವರೆ ವರ್ಷದ ನಂತರ.

ಬಿ.ಕಾಂ. ಮಾಡಿದವಳು ಅಕೌಂಟಿಂಗ್ ಓದಬೇಕು ಅಂತ ಎಲ್ಲರೂ ಹೇಳಿದರು. ಡೇಕೇರ್‌ನವರು ಮಕ್ಕಳ ಶಿಕ್ಷಣದ ಕೋರ್ಸ್ ಮಾಡು ಅಂದರು. ನಾನು ಒಂದು ಶನಿವಾರ ಕಾಲೇಜ್ ಸ್ಕೋರ್‌ಕಾರ್ಡ್ ತೆರೆದು ಕೂತೆ. ಇದು ಇಲ್ಲಿನ ಶಿಕ್ಷಣ ಇಲಾಖೆ 2015ರಿಂದ ಈ ರೂಪದಲ್ಲಿ ನಡೆಸುತ್ತಿರುವ ಮಾಹಿತಿ ಕೋಶ. ಯಾವ ಕಾಲೇಜಿನಲ್ಲಿ ಓದಿದವರು ಎಷ್ಟು ದುಡಿಯುತ್ತಾರೆ, ಎಷ್ಟು ಸಾಲ ಹೊತ್ತಿರುತ್ತಾರೆ ಅನ್ನುವುದು ಅಲ್ಲಿ ಸಿಗುತ್ತದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಮೊದಲ ಸಲ ತಪ್ಪಾಗಿ ಓದಿಕೊಂಡಿದ್ದೆ. ಕಾಲೇಜಿನ ಹೆಸರಿನ ಕೆಳಗೇ ದೊಡ್ಡ ಅಕ್ಷರದಲ್ಲಿ ಒಂದು ಸಂಬಳದ ಅಂಕಿ ಇರುತ್ತದೆ. ಅದು ಕೋರ್ಸ್ ಮುಗಿಸಿದವರ ಸಂಬಳ ಅಲ್ಲ. ಕಾಲೇಜಿಗೆ ಸೇರಿ ಹತ್ತು ವರ್ಷ ಆದವರ ಸಂಬಳ. ಅದರಲ್ಲಿ ಮುಗಿಸಿದವರೂ ಇದ್ದಾರೆ, ಒಂದು ಸೆಮಿಸ್ಟರ್ ಓದಿ ಬಿಟ್ಟವರೂ ಇದ್ದಾರೆ. ವೆಲ್ಡಿಂಗ್ ಮಾಡಿದವರು, ನರ್ಸಿಂಗ್ ಮಾಡಿದವರು, ಅಡುಗೆ ಕಲಿತವರು ಎಲ್ಲರೂ ಸೇರಿದ್ದಾರೆ. ಜೊತೆಗೆ, ಸರ್ಕಾರದ ಸಾಲ ಅಥವಾ ಅನುದಾನ ಪಡೆದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಕೈಯಿಂದ ಶುಲ್ಕ ಕಟ್ಟಿ ಓದಿದವರು ಅದರಲ್ಲಿ ಇಲ್ಲ. ಸಾಲದ ಅಂಕಿಯೂ ಹಾಗೆಯೇ. ಅದು ಸಾಲ ಮಾಡಿ ಕೋರ್ಸ್ ಮುಗಿಸಿದವರಲ್ಲಿ ಮಧ್ಯದವರ ಸಾಲ, ಅಂದರೆ ಕಡಿಮೆ ಸಾಲದವರಿಂದ ಹೆಚ್ಚು ಸಾಲದವರವರೆಗೆ ನಿಲ್ಲಿಸಿದರೆ ನಟ್ಟನಡುವೆ ಬರುವವರದು. ಸಾಲವೇ ಮಾಡದವರ ಸೊನ್ನೆ ಅದರಲ್ಲಿ ಸೇರಿಲ್ಲ. ಖಾಸಗಿ ಬ್ಯಾಂಕಿನ ಸಾಲವೂ ಸೇರಿಲ್ಲ.

ಅದೇ ಪುಟದಲ್ಲಿ ಇನ್ನೂ ಕೆಳಗೆ ಹೋದರೆ ಒಂದೊಂದು ಕೋರ್ಸಿಗೂ ಬೇರೆ ಬೇರೆ ಅಂಕಿ ಸಿಗುತ್ತದೆ. ಅದು ಮುಗಿಸಿದವರ ಸಂಬಳ. ನೋಡಬೇಕಾದ್ದು ಅದು. ನಾನು ನೋಡಿದ ದಿನ ಒಂದೇ ಕಾಲೇಜಿನಲ್ಲಿ ಮಕ್ಕಳ ಶಿಕ್ಷಣದ ಕೋರ್ಸಿಗೂ ನರ್ಸಿಂಗ್‌ಗೂ ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿಗಿಂತ ಜಾಸ್ತಿ ವ್ಯತ್ಯಾಸ ಇತ್ತು. ಕ್ರೆಡಿಟ್‌ಗೆ ಕೊಡುವ ಶುಲ್ಕ ಒಂದೇ, ಓದುವ ಕಟ್ಟಡ ಒಂದೇ. ಆರು ವರ್ಷ ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಆ ಸಾಲು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಕೆಲಸಕ್ಕೆ ಬೆಲೆ ಕಡಿಮೆ ಅಂತ ಅಲ್ಲ, ಸಂಬಳ ಕಡಿಮೆ. ಎರಡೂ ಬೇರೆ ಬೇರೆ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಸಾಲ ತೀರಿಸುವುದು ಸಂಬಳದಿಂದ.

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮುಂದೆ ಅಂಕಿಯೇ ಇರಲಿಲ್ಲ, ಖಾಲಿ. ತೀರಾ ಕಡಿಮೆ ಜನ ಮುಗಿಸುವ ಕೋರ್ಸುಗಳ ಸಂಬಳವನ್ನು ತೋರಿಸುವುದಿಲ್ಲ. ತೋರಿಸಿದರೆ ಯಾರ ಸಂಬಳ ಎಷ್ಟು ಅಂತ ಊಹಿಸಿಬಿಡಬಹುದು ಅಲ್ವಾ, ಅದಕ್ಕೆ. ಹಾಗಾಗಿ ಬೇರೆ ದಾರಿ ಹಿಡಿದೆ. ಇಲ್ಲಿನ ಟೆಕ್ನಿಕಲ್ ಕಾಲೇಜುಗಳು ಪ್ರತಿ ವರ್ಷ ಓದು ಮುಗಿದ ಸುಮಾರು ಆರು ತಿಂಗಳಿಗೆ ವಿದ್ಯಾರ್ಥಿಗಳನ್ನು ಕೇಳಿ ವರದಿ ಮಾಡುತ್ತವೆ. ಕೆಲಸ ಸಿಕ್ಕಿತಾ, ಓದಿದ್ದಕ್ಕೆ ಸಂಬಂಧಪಟ್ಟ ಕೆಲಸವಾ, ಸಂಬಳ ಎಷ್ಟು ಅಂತ. ಅದನ್ನು ಓದಿದೆ. ಆಮೇಲೆ ಸುತ್ತಲಿನ ಆಸ್ಪತ್ರೆಗಳ ಕೆಲಸದ ಜಾಹೀರಾತುಗಳನ್ನು ಒಂದು ತಿಂಗಳು ಬರೆದಿಟ್ಟೆ. ಕೊನೆಗೆ ಕೋರ್ಸಿನ ಮುಖ್ಯಸ್ಥೆಯ ಹತ್ತಿರ ಹೋಗಿ ನೇರ ಕೇಳಿದೆ. "ಕಳೆದ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನ ಪರೀಕ್ಷೆ ಪಾಸಾದರು?" ಅವರು ಬೇಜಾರು ಮಾಡಿಕೊಳ್ಳದೆ ಮೂರೂ ಹೇಳಿದರು. "ಮುಗಿಸಿದವರಿಗೆಲ್ಲ ಕೆಲಸ ಇದೆ. ಮುಗಿಸುವುದೇ ಕಷ್ಟ" ಅಂದರು. ಆ ಮಾತಿನ ಎರಡನೇ ಭಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಊರಿಗೆ ಫೋನ್ ಮಾಡಿ ಅಪ್ಪಾಜಿಗೆ ಹೇಳಿದೆ. ಅವರು ಮೊದಲು ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತರಾದರು. ಜೀವನವಿಡೀ ಬೇರೆಯವರ ಸಾಲದ ಲೆಕ್ಕ ಬರೆದವರು. "ಏನವ್ವಾ, ಈ ವಯಸ್ಸಿಗೆ ಸಾಲ ಮಾಡಿ ಓದ್ತೀಯೇನು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಡ್ಡಿ ಎಷ್ಟು?" ಅಂದರು.

ಆ ವರ್ಷದ ಬಡ್ಡಿ ವಾರ್ಷಿಕ ಶೇ. 4.99 ಇತ್ತು. ಪ್ರತಿ ವರ್ಷದ ಸಾಲಕ್ಕೂ ಬೇರೆ ಬಡ್ಡಿ. ಒಂದು ಸಲ ನಿಗದಿಯಾದರೆ ಆ ಸಾಲಕ್ಕೆ ಕೊನೆಯವರೆಗೂ ಅದೇ. ಮುಂದಿನ ವರ್ಷದ್ದು 5.50 ಆಯಿತು, ಅದರ ಮುಂದಿನದು 6.53.

ಸಾಲಕ್ಕೆ ಮೊದಲ ಹೆಜ್ಜೆ ಫಾಫ್ಸಾ ಅನ್ನುವ ಅರ್ಜಿ. ಇದನ್ನು ತುಂಬಲು ದುಡ್ಡು ಕೊಡಬೇಕಿಲ್ಲ. ಹಣ ಕೇಳುವವರು ಸಿಕ್ಕರೆ ದೂರ ಇರಿ. ಎರಡು ವರ್ಷ ಹಿಂದಿನ ಆದಾಯ ತೆರಿಗೆಯ ವಿವರ ಕೇಳುತ್ತಾರೆ. ಅರ್ಜಿಯ ಮಧ್ಯದಲ್ಲಿ ಒಂದು ಸಣ್ಣ ಪ್ರಶ್ನೆ ಬರುತ್ತದೆ. ಈಗಾಗಲೇ ಬ್ಯಾಚುಲರ್ ಡಿಗ್ರಿ ಇದೆಯಾ? ಗೊತ್ತಿದ್ದವರೊಬ್ಬರು, "ನಮ್ಮದು ಮೂರು ವರ್ಷದ ಡಿಗ್ರಿ, ಇಲ್ಲಿ ನಡೆಯಲ್ಲ. ಇಲ್ಲ ಅಂತ ಹಾಕಿಬಿಡಿ, ಪೆಲ್ ಗ್ರಾಂಟ್ ಸಿಗುತ್ತೆ" ಅಂದರು. ಪೆಲ್ ಗ್ರಾಂಟ್ ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ, ತೀರಿಸಬೇಕಿಲ್ಲದ ಹಣ. ಆದರೆ ಅದು ಮೊದಲ ಡಿಗ್ರಿ ಮಾಡುವವರಿಗೆ. ಹೊರದೇಶದ ಡಿಗ್ರಿ ಇದ್ದರೂ ಸಾಮಾನ್ಯವಾಗಿ ಬರುವುದಿಲ್ಲ. ಮೂರು ವರ್ಷದ್ದನ್ನು ಡಿಗ್ರಿ ಅಂತ ಎಣಿಸಬೇಕೋ ಬೇಡವೋ ಅನ್ನುವುದನ್ನು ಕಾಲೇಜು ತೀರ್ಮಾನ ಮಾಡುತ್ತದೆ, ನಾವಲ್ಲ. ನಾನು ಇದೆ ಅಂತ ಹಾಕಿದೆ, ಅಂಕಪಟ್ಟಿ ಕೊಟ್ಟೆ. ಡಿಗ್ರಿ ಎಂದೇ ಎಣಿಸಿದರು. ಗ್ರಾಂಟ್ ಇಲ್ಲ. ಬೇಜಾರಾಯಿತು, ನಿಜ. ಆದರೆ ದಾವಣಗೆರೆಯಲ್ಲಿ ಬಸ್ಸಿಗೆ ಕಾದು, ಲೈಬ್ರರಿ ಪುಸ್ತಕದಲ್ಲಿ ಓದಿ ತೆಗೆದುಕೊಂಡ ಆ ಡಿಗ್ರಿಯನ್ನು ಇಲ್ಲ ಅಂತ ಬರೆಯಲು ನನಗೆ ಮನಸ್ಸು ಬರಲಿಲ್ಲ. ಸುಳ್ಳು ಬರೆದರೆ ಕಾನೂನಿನ ತೊಂದರೆಯೂ ಇದೆ.

ಉಳಿದದ್ದು ಸಾಲ. ನನ್ನಂಥ ಮದುವೆಯಾದ, ವಯಸ್ಸಾದ ವಿದ್ಯಾರ್ಥಿಗೆ ಮೊದಲ ವರ್ಷ 9,500 ಡಾಲರ್‌ವರೆಗೆ ಕೊಡುತ್ತಾರೆ. ಅದರಲ್ಲಿ ಹೆಚ್ಚೆಂದರೆ 3,500ಕ್ಕೆ ಓದು ಮುಗಿಯುವವರೆಗೆ ಬಡ್ಡಿ ಇಲ್ಲ. ಉಳಿದ 6,000ಕ್ಕೆ ಮೊದಲ ದಿನದಿಂದಲೇ ಬಡ್ಡಿ. ಕಾಲೇಜಿನ ಖಾತೆಯಲ್ಲಿ ಎರಡೂ ಸಾಲಿನ ಮುಂದೆ ಒಪ್ಪಿಗೆ ಅನ್ನುವ ಗುಂಡಿ ಇತ್ತು. ಮೊತ್ತ ಕಡಿಮೆ ಮಾಡಿಕೊಳ್ಳುವ ಸೌಲಭ್ಯವೂ ಪಕ್ಕದಲ್ಲೇ ಇತ್ತು. ನಾನು ನೋಡಲೇ ಇಲ್ಲ. ಪೂರ್ತಿ 9,500 ಒಪ್ಪಿಕೊಂಡೆ. ಕೈಗೆ ಬರುವ ಮೊದಲೇ ನೂರು ಡಾಲರ್ ಶುಲ್ಕ ಹಿಡಿದುಕೊಂಡರು. ಒಂದೊಂದು ಸೆಮಿಸ್ಟರಿಗೆ ಅರ್ಧರ್ಧ ಬಂತು. ಕಾಲೇಜಿನ ಶುಲ್ಕ ಎರಡು ಸಾವಿರ ಚಿಲ್ಲರೆ ಕಳೆದು ಉಳಿದದ್ದು ನನ್ನ ಬ್ಯಾಂಕಿಗೆ ಬಂತು. ಅದನ್ನು ನೋಡಿದಾಗ ಸಾಲ ಅನ್ನಿಸಲಿಲ್ಲ, ಸಂಬಳ ಬಂದ ಹಾಗೆ ಅನ್ನಿಸಿತು. ಅದರಲ್ಲಿ ಒಂದು ಹಳೆಯ ಕಾರು ಕೊಂಡೆ. ನಮ್ಮ ಕಡೆಯಿಂದ ಕಾಲೇಜಿಗೆ ಬಸ್ಸಿಲ್ಲ, ಕಾರು ಬೇಕೇ ಇತ್ತು. ಆದರೆ ಅಷ್ಟೂ ಬೇಕಿರಲಿಲ್ಲ.

ಮೊದಲ ಸೆಮಿಸ್ಟರ್ ಚೆನ್ನಾಗಿ ಹೋಯಿತು. ಪಿಯುಸಿಯಲ್ಲೂ ವಿಜ್ಞಾನ ಓದದವಳಿಗೆ ಮೋಲ್ ಅಂದರೆ ಏನು, ಪಿಎಚ್ ಅಂದರೆ ಏನು ಎಂದು ಮಗಳೇ ಹೇಳಿಕೊಟ್ಟಳು. ಹದಿನೆಂಟು ವರ್ಷದ ಮಕ್ಕಳ ನಡುವೆ ಕೂತು ಮೊದಲ ಸಲ ರಕ್ತದ ಸ್ಲೈಡ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಬಿಳಿ ರಕ್ತಕಣಗಳಲ್ಲಿ ಐದು ಬಗೆ. ಒಂದೊಂದನ್ನೂ ಗುರುತಿಸಿ ನೂರು ಎಣಿಸಬೇಕು. ಲೆಕ್ಕ ಬರೆಯುವ ಮನೆಯಲ್ಲಿ ಬೆಳೆದವಳಿಗೆ ಅದು ಬಹಳ ಇಷ್ಟವಾಯಿತು.

ಎರಡನೇ ಸೆಮಿಸ್ಟರ್, 2023ರ ಮಾರ್ಚ್. ಬೆಳಗಿನ ಜಾವ ತಮ್ಮನ ಫೋನ್ ಬಂತು. ಅಪ್ಪಾಜಿಗೆ ಸ್ಟ್ರೋಕ್ ಆಗಿದೆ, ಬಲಗೈ ಬಲಗಾಲು ಆಡುತ್ತಿಲ್ಲ. ಮರುದಿನವೇ ಹೊರಟೆ. ಎರಡು ವಾರದಲ್ಲಿ ವಾಪಸ್ ಬರುತ್ತೇನೆ ಅಂದುಕೊಂಡಿದ್ದೆ. ಬರಲಾಗಲಿಲ್ಲ. ಲ್ಯಾಬಿನ ತರಗತಿ ಮನೆಯಲ್ಲಿ ಕೂತು ಓದುವಂಥದ್ದಲ್ಲ. ದಾವಣಗೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಲ್ಲ ವಿಷಯಗಳನ್ನೂ ಕೈಬಿಡುತ್ತೇನೆ ಅಂತ ಕಾಲೇಜಿಗೆ ಮೇಲ್ ಹಾಕಿದೆ.

ಒಂದು ತಿಂಗಳಿಗೆ ಬಿಲ್ ಬಂತು. 1,130 ಡಾಲರ್. ಅದನ್ನು ಕಟ್ಟುವವರೆಗೆ ಮುಂದಿನ ಸೆಮಿಸ್ಟರಿಗೆ ಹೆಸರು ಹಾಕುವಂತಿಲ್ಲ.

ಸಾಲ ಮಾಡಿ ಶುಲ್ಕ ಕಟ್ಟಿಯಾಗಿದೆ, ಮತ್ತೆ ಬಿಲ್ ಯಾಕೆ? ನನಗೆ ತಲೆಬುಡ ಅರ್ಥವಾಗಲಿಲ್ಲ. ನಿಯಮ ಹೀಗಿದೆ. ಸೆಮಿಸ್ಟರಿನ ಶೇ. 60 ದಿನ ಮುಗಿಯುವ ಮೊದಲು ಎಲ್ಲ ವಿಷಯ ಬಿಟ್ಟರೆ, ಬಂದ ಸಾಲದ ಹಣವನ್ನು ನೀವು ಪೂರ್ತಿ ಗಳಿಸಿಲ್ಲ ಅಂತ ಲೆಕ್ಕ. ನಾನು ಬಿಟ್ಟಾಗ ಸುಮಾರು ಶೇ. 45 ಆಗಿತ್ತು. ಉಳಿದ ಶೇ. 55ರಲ್ಲಿ ಕಾಲೇಜಿನ ಪಾಲನ್ನು ಕಾಲೇಜು ಸರ್ಕಾರಕ್ಕೆ ವಾಪಸ್ ಕಳಿಸುತ್ತದೆ. ಅಷ್ಟು ನನ್ನ ಸಾಲ ಕಡಿಮೆಯಾಗುತ್ತದೆ. ಆದರೆ ಶುಲ್ಕ ವಾಪಸ್ ಕೊಡುವ ಅವಧಿ ಆಗಲೇ ದಾಟಿತ್ತು. ಹಾಗಾಗಿ ಕಾಲೇಜಿನ ಲೆಕ್ಕದಲ್ಲಿ ಅಷ್ಟು ಶುಲ್ಕ ಬಾಕಿ. ಸರ್ಕಾರದ ಸಾಲ ಹೋಗಿ ಕಾಲೇಜಿನ ಬಾಕಿ ಆಯಿತು. ಸರ್ಕಾರದ ಸಾಲಕ್ಕೆ ಹತ್ತು ವರ್ಷ ಟೈಮ್ ಇದೆ, ಕಾಲೇಜಿನ ಬಾಕಿಗೆ ತಿಂಗಳೂ ಇಲ್ಲ. ಒಂದು ಸಣ್ಣ ಕೋರ್ಸನ್ನಾದರೂ ಆನ್‌ಲೈನ್‌ನಲ್ಲಿ ಉಳಿಸಿಕೊಂಡಿದ್ದರೆ ಈ ಲೆಕ್ಕವೇ ಬೇರೆ ಇರುತ್ತಿತ್ತು. ಬಿಡುವ ಮೊದಲು ಹಣಕಾಸಿನ ವಿಭಾಗಕ್ಕೆ ಒಂದು ಫೋನ್ ಮಾಡಬೇಕಿತ್ತು. ಯಾರಾದರೂ ಮೇಲ್ ನೋಡಿದ ಕೂಡಲೇ "ತಡಿ, ಮೊದಲು ಇವರ ಹತ್ತಿರ ಮಾತಾಡು" ಅಂತ ನನಗೆ ಹೇಳಬೇಕಿತ್ತು ಅಂತಲೂ ಅನ್ನಿಸುತ್ತದೆ. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಓದು ಬಿಡುವವರು ನಾನೊಬ್ಬಳೇ ಅಲ್ಲ.

ಅಪ್ಪಾಜಿ ಎದ್ದು ಕೋಲು ಹಿಡಿದು ನಡೆಯಲು ಶುರು ಮಾಡಿದ ಮೇಲೆ, ಜುಲೈನಲ್ಲಿ ವಾಪಸ್ ಬಂದೆ. ಡೇಕೇರ್‌ಗೆ ಮತ್ತೆ ಹೋಗಿ, ಬಂದ ಸಂಬಳದಲ್ಲಿ ಬಾಕಿ ಕಟ್ಟಿದೆ. ಆಗಸ್ಟ್ ಕೊನೆಯಲ್ಲಿ ಮತ್ತೆ ಸೇರಿದೆ. ಇಲ್ಲೂ ಒಂದು ಗಡುವು ಇತ್ತು. ಓದು ಬಿಟ್ಟ ದಿನದಿಂದ ಆರು ತಿಂಗಳಿಗೆ ಸಾಲದ ಕಂತು ಶುರುವಾಗುತ್ತದೆ. ಅಷ್ಟರೊಳಗೆ ಕನಿಷ್ಠ ಅರ್ಧ ಹೊರೆ, ಅಂದರೆ ಆರು ಕ್ರೆಡಿಟ್‌ಗೆ ಸೇರಿದರೆ ಕಂತು ಮತ್ತೆ ಮುಂದಕ್ಕೆ ಹೋಗುತ್ತದೆ, ಆ ಆರು ತಿಂಗಳೂ ಪೂರ್ತಿಯಾಗಿ ವಾಪಸ್ ಸಿಗುತ್ತದೆ. ನನಗೆ ಇನ್ನು ಹದಿನೈದು ದಿನ ಉಳಿದಿತ್ತು. ಕೋವಿಡ್ ಕಾಲದಿಂದ ಸರ್ಕಾರ ಈ ಸಾಲಗಳ ಬಡ್ಡಿಯನ್ನು ಸೊನ್ನೆ ಮಾಡಿತ್ತು. ಅದು 2023ರ ಸೆಪ್ಟೆಂಬರ್ 1ಕ್ಕೆ ಮತ್ತೆ ಶುರುವಾಯಿತು. ನಾನು ಊರಿನಲ್ಲಿದ್ದ ತಿಂಗಳುಗಳಿಗೆ ಬಡ್ಡಿ ಬೀಳಲಿಲ್ಲ. ಅಷ್ಟು ಪುಣ್ಯ.

ಕೋರ್ಸಿನ ಎರಡನೇ ಸೆಮಿಸ್ಟರಿನ ಲ್ಯಾಬ್ ಜನವರಿಯಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಆ ಆಗಸ್ಟಿನಿಂದ ಆರು ಕ್ರೆಡಿಟ್ ಮಾತ್ರ ಓದಿದೆ. ಡಿಸೆಂಬರ್‌ನಲ್ಲಿ ಇನ್ನೊಂದು ಪತ್ರ ಬಂತು. ನಿಮಗೆ ಇನ್ನು ಸಾಲ ಸಿಗುವುದಿಲ್ಲ ಅಂತ. ನಮ್ಮ ಕಾಲೇಜಿನಲ್ಲಿ ಹೆಸರು ಹಾಕಿದ ಕ್ರೆಡಿಟ್‌ಗಳಲ್ಲಿ ಶೇ. 67 ಮುಗಿಸಿರಬೇಕು. ನಾನು ಹಾಕಿದ್ದು ಮೂವತ್ತೊಂದು, ಮುಗಿಸಿದ್ದು ಹದಿನೆಂಟು. ಮುಗಿಸಿದ್ದರಲ್ಲೆಲ್ಲ ಎ ಬಂದಿತ್ತು, ಆದರೆ ಆ ಲೆಕ್ಕಕ್ಕೆ ಅದು ಬರುವುದಿಲ್ಲ. ಮೇಲ್ಮನವಿ ಹಾಕಬಹುದು ಅಂತ ಪತ್ರದ ಕೊನೆಯ ಸಾಲಿನಲ್ಲಿತ್ತು. ಅಪ್ಪಾಜಿಯ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ವಿಮಾನದ ಟಿಕೆಟ್, ಇನ್ನು ಮುಂದೆ ಹೀಗಾಗದಂತೆ ಏನು ವ್ಯವಸ್ಥೆ ಮಾಡಿಕೊಂಡಿದ್ದೇನೆ ಅನ್ನುವ ಒಂದು ಪುಟದ ಪತ್ರ, ಎಲ್ಲ ಜೋಡಿಸಿದೆ. ಕೊನೆಯದು ಮುಖ್ಯ. ಏನಾಯಿತು ಅಂತ ಮಾತ್ರ ಬರೆದರೆ ಸಾಲದು, ಈಗ ಏನು ಬದಲಾಗಿದೆ ಅಂತ ಬರೆಯಬೇಕು. ತಮ್ಮ ಅಪ್ಪಾಜಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಿದ್ದ, ಅದನ್ನು ಬರೆದೆ. ಎರಡು ವಾರಕ್ಕೆ ಒಪ್ಪಿಗೆ ಬಂತು.

ಅಲ್ಲಿಂದ ಮುಂದೆ ಶುಲ್ಕಕ್ಕೆ, ಪುಸ್ತಕಕ್ಕೆ ಎಷ್ಟು ಬೇಕೋ ಅಷ್ಟೇ ಸಾಲ ತೆಗೆದುಕೊಂಡೆ. 2023–24ಕ್ಕೆ 3,000. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು. ಮನೆಗೆ ಸ್ವಲ್ಪ ಹಣ, ಕೋರ್ಸಿಗೆ ಅಭ್ಯಾಸ.

ಕೊನೆಯ ಸೆಮಿಸ್ಟರ್ 2025ರ ಜನವರಿಯಿಂದ ಮೇವರೆಗೆ. ವಾರಕ್ಕೆ ನಲವತ್ತು ಗಂಟೆ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ. ಒಂದು ತಿಂಗಳು ಬ್ಲಡ್ ಬ್ಯಾಂಕ್, ಆಮೇಲೆ ಕೆಮಿಸ್ಟ್ರಿ, ಆಮೇಲೆ ಸೂಕ್ಷ್ಮಜೀವಿ ವಿಭಾಗ. ಸಂಬಳ ಇಲ್ಲ. ನಾವೇ ಕ್ರೆಡಿಟ್ ಶುಲ್ಕ ಕಟ್ಟಿ ಹೋಗಬೇಕು. ರಕ್ತ ತೆಗೆಯುವ ಕೆಲಸ ಬಿಡಬೇಕಾಯಿತು. ಆ ವರ್ಷ 4,000 ಸಾಲ.

ಆಗ ಅರ್ಥವಾಯಿತು, ಸಾಲ ಎಲ್ಲಿಂದ ಬರುತ್ತದೆ ಅಂತ. ಶುಲ್ಕ ದೊಡ್ಡದಲ್ಲ. ದುಡಿಯಲಾಗದ ತಿಂಗಳುಗಳು ದೊಡ್ಡವು. ನನ್ನ ಜೊತೆಗಿದ್ದ ಚಿಕ್ಕ ಹುಡುಗಿಯರು ಮನೆ ಬಾಡಿಗೆಗೆ ಸಾಲ ಮಾಡಿದ್ದರು. ನನಗೆ ತಲೆ ಮೇಲೆ ಸೂರಿತ್ತು, ಅಡುಗೆ ಮನೆಯಲ್ಲಿ ಅಕ್ಕಿ ಬೇಳೆ ಇತ್ತು. ಅವರಿಗೆ ಅದೂ ಸಾಲದಲ್ಲೇ. ಒಂದೇ ಕೋರ್ಸು, ಒಂದೇ ಶುಲ್ಕ, ಸಾಲ ಮಾತ್ರ ನನಗಿಂತ ಎಷ್ಟೋ ಜಾಸ್ತಿ. ಮಧ್ಯದವರ ಸಾಲ ಇಷ್ಟು ಅಂತ ಒಂದೇ ಅಂಕಿ ನೋಡಿದಾಗ ಇದು ಕಾಣಿಸುವುದಿಲ್ಲ.

ಲ್ಯಾಬಿಗೆ ಮೊದಲ ದಿನ ಹದಿನಾರು ಜನ ಇದ್ದೆವು. ನನ್ನ ಜೊತೆ ಶುರು ಮಾಡಿ ಕೊನೆ ಮುಟ್ಟಿದವರು ಒಂಬತ್ತು ಜನ, ಅವರೆಲ್ಲ ನನಗಿಂತ ಒಂದು ವರ್ಷ ಮೊದಲೇ ಮುಗಿಸಿದರು. ಉಳಿದವರಲ್ಲಿ ಒಬ್ಬಳು ಹುಡುಗಿಯನ್ನು ನಾನು ಮರೆಯಲಾರೆ. ಕೈ ಎಷ್ಟು ನಯ ಅಂದರೆ, ಮಕ್ಕಳ ರಕ್ತ ತೆಗೆಯಲು ಅವಳನ್ನೇ ಕಳಿಸಬೇಕು ಅಂತ ಟೀಚರ್ ಹೇಳುತ್ತಿದ್ದರು. ಕಾರು ಕೆಟ್ಟಿತು, ರಿಪೇರಿಗೆ ಹಣ ಇಲ್ಲ, ತರಗತಿ ತಪ್ಪಿತು, ಬಿಟ್ಟಳು. ಅವಳಿಗೆ ನಾಲ್ಕು ಸಾವಿರ ಡಾಲರ್ ಸಾಲ ಇದೆ, ಸರ್ಟಿಫಿಕೇಟ್ ಇಲ್ಲ. ಈಗ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಈ ದೇಶದಲ್ಲಿ ಓದಿನ ಸಾಲ ಕಟ್ಟಲಾಗದೆ ಸೋಲುವವರು ಲಕ್ಷ ಡಾಲರ್ ಸಾಲದ ಡಾಕ್ಟರುಗಳಲ್ಲ. ಐದು ಸಾವಿರಕ್ಕಿಂತ ಕಡಿಮೆ ಸಾಲ ಇರುವವರಲ್ಲೇ ಅಂಥವರ ಪ್ರಮಾಣ ಹೆಚ್ಚು, ಯಾಕೆಂದರೆ ಅವರಲ್ಲಿ ಬಹಳ ಜನ ಓದು ಮುಗಿಸದವರು. 270 ದಿನ ಕಂತು ತಪ್ಪಿದರೆ ಸಾಲ ಕೆಟ್ಟಿತು ಅಂತ ಲೆಕ್ಕ. ಆಮೇಲೆ ತೆರಿಗೆ ವಾಪಸ್ ಬರುವ ಹಣಕ್ಕೂ ಕೈ ಹಾಕಬಹುದು, ಸಂಬಳಕ್ಕೂ ಹಾಕಬಹುದು.

2025ರ ಜುಲೈನಲ್ಲಿ ಒಂದು ಹೊಸ ಕಾನೂನು ಬಂತು. ಒಂದು ಕೋರ್ಸ್ ಮುಗಿಸಿದವರ ಮಧ್ಯದ ಸಂಬಳವನ್ನು, ಆ ರಾಜ್ಯದಲ್ಲಿ ಬರೀ ಹೈಸ್ಕೂಲು ಓದಿದ 25ರಿಂದ 34 ವರ್ಷದ ದುಡಿಯುವವರ ಸಂಬಳದ ಜೊತೆ ಹೋಲಿಸುತ್ತಾರೆ. ಮೂರು ವರ್ಷದಲ್ಲಿ ಎರಡು ಸಲ ಅದಕ್ಕಿಂತ ಕಡಿಮೆಯಿದ್ದರೆ ಆ ಕೋರ್ಸಿಗೆ ಸರ್ಕಾರದ ಸಾಲ ನಿಲ್ಲುತ್ತದೆ. ಓದಿ ಏನೂ ಸಿಗದ ಕೋರ್ಸಿಗೆ ಸಾಲ ಕೊಟ್ಟು ಜನರನ್ನು ಸಿಕ್ಕಿಸುವುದು ನಿಲ್ಲಲಿ, ಒಳ್ಳೆಯದೇ. ಆದರೆ ನನ್ನ ಡೇಕೇರ್‌ನ ಗೆಳತಿಯರು ನೆನಪಾಗುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂಬಳ ಕಡಿಮೆ ಇರುವುದು ಕೋರ್ಸಿನ ತಪ್ಪಾ? ಅವರಿಗೆ ಸಂಬಳ ಜಾಸ್ತಿ ಮಾಡದೆ ಕೋರ್ಸ್ ಮುಚ್ಚಿದರೆ ನಾಳೆ ಆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಮೇನಲ್ಲಿ ಕೋರ್ಸ್ ಮುಗಿಯಿತು, ಜುಲೈನಲ್ಲಿ ಎಎಸ್‌ಸಿಪಿ ಅನ್ನುವ, ಲ್ಯಾಬ್ ಕೆಲಸದ ಅರ್ಹತಾ ಪರೀಕ್ಷೆ ಪಾಸಾದೆ. ವಿಸ್ಕಾನ್ಸಿನ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಬೇಕಿಲ್ಲ, ಆದರೆ ಆಸ್ಪತ್ರೆಗಳು ಈ ಪರೀಕ್ಷೆ ಕೇಳುತ್ತವೆ. ತರಬೇತಿ ಮಾಡಿದ ಲ್ಯಾಬಿನಲ್ಲೇ ಕೆಲಸ ಸಿಕ್ಕಿತು. ಗಂಟೆಗೆ 27 ಡಾಲರ್, ಸಂಜೆ ಪಾಳಿಗೆ ಸ್ವಲ್ಪ ಮೇಲೆ. ವರ್ಷಕ್ಕೆ 56,000 ಆಸುಪಾಸು. ಡೇಕೇರ್‌ನ ಎರಡರಷ್ಟು. ಆದರೆ ಕೇಳುವವರಿಗೆ ನಾನು ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. ಮೂರು ವರ್ಷ ಪೂರ್ಣಾವಧಿ ದುಡಿಯದೆ ಬಿಟ್ಟ ಸಂಬಳವೂ ಖರ್ಚೇ. ಅದನ್ನೂ ಸಾಲಕ್ಕೆ ಸೇರಿಸಿದರೆ ನನ್ನ ಓದು ತನ್ನ ಖರ್ಚನ್ನು ತಾನೇ ಹುಟ್ಟಿಸಲು ಇನ್ನೂ ಎರಡು ವರ್ಷ ಬೇಕು. ಐವತ್ತೈದರಲ್ಲಿ ಶುರು ಮಾಡುತ್ತೇನೆ ಅನ್ನುವವರು ಈ ಲೆಕ್ಕ ಹಾಕಿ ನೋಡಲೇಬೇಕು.

ಎಲ್ಲ ಸೇರಿ ಬಡ್ಡಿ ಸಮೇತ ಸಾಲ 15,900 ಡಾಲರ್ ಹತ್ತಿರ ನಿಂತಿತು. ಹತ್ತು ವರ್ಷದ ಮಾಮೂಲಿ ಯೋಜನೆಯಲ್ಲಿ ತಿಂಗಳಿಗೆ 172. ಆದಾಯದ ಮೇಲೆ ಕಂತು ಕಟ್ಟುವ ಯೋಜನೆಗಳೂ ಇವೆ, ಆದರೆ ಅವುಗಳ ನಿಯಮ ಕೋರ್ಟಿನಲ್ಲಿ, ಕಾನೂನಿನಲ್ಲಿ ಬದಲಾಗುತ್ತಲೇ ಇದೆ. ನನಗೆ ಮಾಮೂಲಿಯೇ ಸಾಕು ಅನ್ನಿಸಿತು. ಬ್ಯಾಂಕಿನಿಂದ ತಾನಾಗಿಯೇ ಕಂತು ಹೋಗುವಂತೆ ಮಾಡಿದರೆ ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಕಡಿಮೆ ಮಾಡುತ್ತಾರೆ, ಅದನ್ನು ಮಾಡಿಸಿದೆ. ನಾನು ತಿಂಗಳಿಗೆ 300 ಕಟ್ಟುತ್ತೇನೆ. ಜಾಸ್ತಿ ಕಟ್ಟುವ ಹಣವನ್ನು ಯಾವ ಸಾಲಕ್ಕೆ ಹಾಕಬೇಕು ಅಂತ ನಾವೇ ಬರೆದು ಹೇಳಬಹುದು. ನಾನು 6.53ರ ಸಾಲಕ್ಕೆ ಹಾಕಿ ಅಂತ ಹೇಳಿದ್ದೇನೆ.

ಕಂತು ಹೋದ ದಿನ ಊರಿಗೆ ಫೋನ್ ಮಾಡುತ್ತೇನೆ. ಅಪ್ಪಾಜಿಗೆ ಮಾತು ಈಗ ಸ್ವಲ್ಪ ತೊದಲುತ್ತದೆ. ಬಲಗೈ ಅಷ್ಟಾಗಿ ಬಾರದು, ಎಡಗೈಯಲ್ಲಿ ಬರೆಯಲು ಕಲಿತಿದ್ದಾರೆ. ಮೊದಲ ಸಲ ಕಂತಿನ ವಿಷಯ ಹೇಳಿದಾಗ ತಮ್ಮನ ಕೈಲಿ ಒಂದು ಹೊಸ ನೋಟ್‌ಬುಕ್ ತರಿಸಿಕೊಂಡರಂತೆ.

"ಎಷ್ಟು ಉಳೀತವ್ವಾ?" ಅಂತ ಕೇಳಿದರು ಈ ಸಲ.

"ಹದಿನೈದು ಸಾವಿರದ ಇನ್ನೂರ ಒಂದು, ಅಪ್ಪಾಜಿ."

"ತಡಿ, ಬರ್ಕೊಳ್ತೀನಿ" ಅಂದರು. ಎಡಗೈಯಲ್ಲಿ ಬರೆದು ಮುಗಿಸುವವರೆಗೆ ನಾನು ಫೋನ್ ಹಿಡಿದುಕೊಂಡೇ ಇದ್ದೆ.